ಎರಡು ಸಲ ಬಿದ್ದ ನಂಬರು

ಅಕ್ಕನ ತೋರುಬೆರಳಿನ ಉಗುರು ಹಿಪ್ಪುನೇರಳೆ ಸೊಪ್ಪಿನ ಕಲೆಯಿಂದ ಸದಾ ಕಪ್ಪುಹಸಿರಾಗಿರುತ್ತಿತ್ತು. ರಿಜಿಸ್ಟರಿನಲ್ಲಿ ಹುಳುಗಳ ತಂಡಕ್ಕೆ ಹೊಸ ನಂಬರು ಬರೆಯುವ ಮುನ್ನ ಆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ, ಅದು ಹಿಂದೆಲ್ಲೂ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವರು. ಜಂಗಮಕೋಟೆ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ಲೆಕ್ಕ ಬರೆಯುವ ಕೆಲಸ ಅವರದು; ಎಲ್ಲರಿಗೂ ಅವರು ಅಕ್ಕ. ಅಲ್ಲಿ ರೇಷ್ಮೆ ಹುಳುಮರಿಗಳನ್ನು ಎರಡನೇ ಜ್ವರದವರೆಗೆ, ಎಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುತ್ತಿದ್ದರು. ಹುಳು ದ್ವಿತಳಿಯದಾಗಲಿ ಮಿಶ್ರತಳಿಯದಾಗಲಿ, ಅಕ್ಕನದು ಒಂದೇ ರಿಜಿಸ್ಟರು. "ಒಂದು ನಂಬರಿಗೆ ಒಂದೇ ತಂಡ ಕಣಮ್ಮ" ಎನ್ನುವರು.

ಆ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕಲು ಹೋದವಳು ನಾನು. ಓದಿದ ಜಂಬ ಇತ್ತು. ಒಂದು ತಾಯಿ ಟೇಬಲ್, ಅಂದರೆ ಮೂಲ ಪಟ್ಟಿ, ಮಾಡಿ, ಅದರಿಂದ ದ್ವಿತಳಿಗೊಂದು ಮಿಶ್ರತಳಿಗೊಂದು ಮಕ್ಕಳ ಟೇಬಲ್ ಇಳಿಸಿದೆ. ನಂಬರು ಮರುಕಳಿಸಬಾರದೆಂಬ ನಿರ್ಬಂಧವನ್ನು ತಾಯಿಗೆ ಹಾಕಿ, ಮಕ್ಕಳಿಗೂ ತಾನೇ ಬರುತ್ತದೆಂದು ಕೈತೊಳೆದುಕೊಂಡೆ. ಅಕ್ಕನಿಗೆ ಸಮಾಧಾನವಿರಲಿಲ್ಲ.

"ಇದ್ರಲ್ಲಿ ಬೆರಳಾಡಿಸಿ ನೋಡೋಕಾಗಲ್ವಲ್ಲಮ್ಮ. ಎರಡು ಕಡೆ ಒಂದೇ ನಂಬರ್ ಬಿದ್ರೆ?"

"ಬೀಳಲ್ಲ ಅಕ್ಕ. ಬಿದ್ರೆ ಅದೇ ಬೈಯುತ್ತೆ" ಎಂದೆ. ಬೆರಳಾಡಿಸುವ ಕಾಲ ಮುಗಿಯಿತು ಎಂದು ನಕ್ಕಿದ್ದೂ ನೆನಪಿದೆ.

ಮೂರನೇ ತಿಂಗಳು ಇನ್ನೂರ ಹದಿನಾಲ್ಕನೇ ತಂಡಕ್ಕೆ ಹುಳುವಿನಿಂದ ಹುಳುವಿಗೆ ಹರಡುವ ಗಂಟುರೋಗ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಟ್ರೇಗಳನ್ನು ಸುಡಲು ಹೇಳಿದರು, ಸುಟ್ಟರು. ಸುಟ್ಟಿದ್ದು ಆರೋಗ್ಯವಾಗಿದ್ದ ದ್ವಿತಳಿಯ ಇನ್ನೂರ ಹದಿನಾಲ್ಕು. ರೋಗದ ಮಿಶ್ರತಳಿಗೂ ಅದೇ ನಂಬರಿತ್ತು, ಅದು ರೈತರ ಮನೆ ಸೇರಿತು. ಅಷ್ಟೂ ಮನೆಗಳಲ್ಲಿ ಹುಳು ಸತ್ತವು.

ಎರಡೂ ಕಡೆ ನಂಬರು ಒತ್ತಿದವರು ಅಕ್ಕನೇ. "ಅದು ಬೈಲಿಲ್ಲ ಸ್ವಾಮಿ" ಎಂದು ಮಾಲೀಕರಿಗೆ ಹೇಳಿದರು. ಮಾಲೀಕರು ಎಲ್ಲರೆದುರು ನನ್ನನ್ನು ಕೇಳಿದರು. ಪ್ರೋಗ್ರಾಂ ಸರಿಯಾಗಿದೆ ಎಂದೆ. ಹಾಗೇ ನಂಬಿದ್ದೆ ಕೂಡ.

ಮಧ್ಯಾಹ್ನ ಕೂತು ಪರೀಕ್ಷಿಸಿದೆ. ತಾಯಿಯ ಕಾಲಮ್ಮುಗಳೆಲ್ಲ ಮಕ್ಕಳಿಗೆ ಬಂದಿದ್ದವು. ನಂಬರು ಮರುಕಳಿಸಬಾರದೆಂಬ ಆ ಒಂದು ನಿರ್ಬಂಧ ಮಾತ್ರ ಬಂದಿರಲಿಲ್ಲ. ಬರುವುದಿಲ್ಲವೆಂದು ಕೈಪಿಡಿಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಎರಡೂ ತಳಿಯ ನಂಬರುಗಳಿಗೆ ಒಂದೇ ಟೇಬಲ್ ಮಾಡಿ ಸದ್ದಿಲ್ಲದೆ ಸರಿಪಡಿಸಿದೆ. ಅಕ್ಕನ ರಿಜಿಸ್ಟರು ಮೊದಲಿನಿಂದ ಇದ್ದದ್ದೂ ಹಾಗೆಯೇ. ಅಷ್ಟರಲ್ಲಿ ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿಯಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಒಮ್ಮೆ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಉಗುರು ಬೆಳ್ಳಗಾಗಿತ್ತು. ನಾನು ಮಾತು ಶುರುಮಾಡುವ ಮೊದಲೇ ಅವರೇ ಅಂದರು: "ನೀನು ಸರಿಯಾಗೇ ಮಾಡಿದ್ದೆ ಕಣಮ್ಮ. ಅದು ಬೈದಿರ್ತದೆ. ನನ್ನ ಕಣ್ಣಿಗೆ ಕಾಣಿಸಿರಲ್ಲ."

ಕಾಫಿ ಕುಡಿದು ಎದ್ದು ಬಂದೆ. ನಾಚಿಕೆಗೆಟ್ಟವಳು ನಾನು.

ಹೋದ ತಿಂಗಳು ಅಕ್ಕ ತೀರಿಕೊಂಡರು. ಅದು ಬೈದಿರಲಿಲ್ಲ ಎಂಬ ಒಂದು ಮಾತು ಹೇಳಲು ನನಗೆ ನಾಲ್ಕು ವರ್ಷ ಸಮಯವಿತ್ತು.