ತಲೆಕೆಳಗಾದ ತೊಂಬತ್ತೆಂಟು

ಶನಿವಾರ ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಪೀಪಿ ಅತ್ತೆ ಸ್ಟುಡಿಯೊದ ಹಸಿರು ಕಾರ್ಪೆಟ್ ಮೇಲೆ ಮಂಡಿಯೂರಿ ಬಿಳಿ ಟೇಪು ಅಂಟಿಸುತ್ತಿದ್ದರು. ಅದು ಕ್ಯಾಮೆರಾಕ್ಕೆ ಓಟದ ಮೈದಾನದ ಗೆರೆಯಂತೆ ಕಾಣಬೇಕಿತ್ತು. ಐದೂವರೆಗೆ ‘ವಾರದ ಆಟ’ದ ನೇರ ಪ್ರಸಾರ.

‘ವಾರದ ಆಟ’ ಮಕ್ಕಳ ಕ್ರೀಡಾ ಕಾರ್ಯಕ್ರಮ. ಪತ್ರಿಕೆಯ ಪುಟಗಳ ಹಾಗೆ ಅದರಲ್ಲಿ ಬೇರೆಬೇರೆ ಭಾಗಗಳಿದ್ದವು: ಒಂದು ಆಟದ ನಿಯಮ, ಒಂದು ವ್ಯಾಯಾಮ, ಯಾವುದಾದರೂ ಕ್ರೀಡಾಕೂಟದ ಚಿತ್ರ, ಕೊನೆಯಲ್ಲಿ ಅಲ್ಲಿ ಗೆದ್ದ ಮಗುವಿನ ಜೊತೆ ಮಾತುಕತೆ. ಆ ಮಗುವನ್ನು ಹುಡುಕಿ ಕರೆಸುವುದು, ಮೆಟ್ಟಿಲುಗಳ ಮೇಲೆ ಕೂತು ನೋಡುವ ಮಕ್ಕಳ ಷೂ ಲೇಸು ಕಟ್ಟುವುದು, ಅವರ ಬಾಯಿ ಮುಚ್ಚಿಸುವುದು ಅತ್ತೆಯ ಕೆಲಸ.

ಮೊದಲು ಅವರು ಅದೇ ಕಟ್ಟಡದ ಕೆಳಮಹಡಿಯಲ್ಲಿ ಫೋನ್ ಎತ್ತುತ್ತಿದ್ದರು. ಕಾರ್ಯಕ್ರಮದ ಮೊದಲ ದಿನ ಮಕ್ಕಳು ಸ್ಟುಡಿಯೊದಲ್ಲಿ ಆಕಾಶ ಭೂಮಿ ಒಂದು ಮಾಡಿದ್ದರು. ಯಾರಿಗೋ ಫೋನ್ ಬಂದಿದೆ ಎಂದು ಹೇಳಲು ಮೇಲೆ ಬಂದ ಅತ್ತೆಯ ಮಾತು ಒಬ್ಬರಿಗೂ ಕೇಳಿಸಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹೊಡೆದರು. ಅಷ್ಟೂ ಬಾಯಿಗಳು ಒಮ್ಮೆಗೇ ಮುಚ್ಚಿದವು. ಸೋಮವಾರದಿಂದ ಅವರ ಮೇಜು ಮೇಲಿನ ಮಹಡಿಗೆ ಬಂತು. ಕೊರಳಿಗೆ ಕೆಂಪು ಪೀಪಿ ಬಂದದ್ದು ಆಮೇಲೆ, ಹೆಸರು ಅದರ ಹಿಂದೆಯೇ ಬಂತು.

ಪೀಪಿ ಕಟ್ಟಿಕೊಂಡವರು ಒಂದು ಕಾಲದಲ್ಲಿ ಓಡಿ ಗೆದ್ದಿರಲೇಬೇಕು ಎಂದು ಜನ ತಾವಾಗಿಯೇ ತೀರ್ಮಾನಿಸಿಕೊಂಡರು. ಅತ್ತೆಯ ಗಂಡನದು ಕನ್ನಡಕದ ಅಂಗಡಿ. ಗಿರಾಕಿಗಳ ಕನ್ನಡಕಕ್ಕೆ ತಿರುಪು ಬಿಗಿಯುತ್ತಾ ಅವರು ಹೇಳುತ್ತಿದ್ದರು: “ನಮ್ಮ ಮನೆಯವಳು ಹಳೇ ಓಟಗಾರ್ತಿ. ಜಗಳ ಆಡಿ ಓಡಿಹೋಗೋಣ ಅಂದ್ರೂ ನನಗೆ ಆ ಭಾಗ್ಯ ಇಲ್ಲ, ಬೀದಿ ಮೂಲೆಯಲ್ಲೇ ಹಿಡಿದುಬಿಡ್ತಾಳೆ.” ಅತ್ತೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. “ಅದೆಲ್ಲ ಹಳೇ ಕಥೆ ಬಿಡಿ” ಎನ್ನುತ್ತಿದ್ದರು. ಆ ಉತ್ತರದಿಂದ ಅವರ ಪದಕಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು.

ಆ ಸಂಜೆ ಕೊನೆಯ ಗೆರೆ ಮುಗಿಯುವ ಮೊದಲೇ ನಿರೂಪಕ ಬಂದು ಪಕ್ಕದಲ್ಲಿ ಬಗ್ಗಿದರು. ಎತ್ತರ ಜಿಗಿತದಲ್ಲಿ ಹೆಸರು ಮಾಡಿದ್ದ ಆತನನ್ನು ಮಕ್ಕಳು ಏಣಿ ಮಾಮ ಎನ್ನುತ್ತಿದ್ದರು.

“ಅತ್ತೆ, ಕ್ರೀಡಾಕೂಟದ ವಿಡಿಯೊ ಟೇಪಿನಲ್ಲಿ ಗೆದ್ದ ಹುಡುಗಿಗೆ ಕತ್ತಿನವರೆಗೂ ಕೂದಲಿಲ್ಲ. ಮೇಕಪ್ ಕೋಣೆಯಲ್ಲಿ ಕೂತಿರೋ ಮಗುವಿಗೆ ಎರಡು ಜಡೆ. ನಾಲ್ಕು ದಿನದಲ್ಲಿ ಯಾವ ಎಣ್ಣೆ ಹಚ್ಚಿದ್ರೂ ಇಷ್ಟು ಬೆಳೆಯಲ್ಲ.”

ಅತ್ತೆ ಎದ್ದು ಟೇಪು ಹಾಕಿಸಿ ನೋಡಿದರು. ಎಂಟುನೂರು ಮೀಟರ್ ಓಟದಲ್ಲಿ ಗುರಿ ಮುಟ್ಟುತ್ತಿದ್ದ ಹುಡುಗಿಯ ಎದೆಯ ಮೇಲೆ 98 ಸ್ಪಷ್ಟವಾಗಿತ್ತು. ಅದನ್ನು ಓದಿ, ಆ ಸಂಖ್ಯೆ ಯಾರದೆಂದು ಸಂಘಟಕರನ್ನು ಕೇಳಿ, ಶಾಲೆಗೆ ಫೋನ್ ಮಾಡಿದವರು ಅವರೇ. ಈಗ ಕಣ್ಣಿಗೆ ಬಿದ್ದದ್ದು ಇನ್ನೊಂದು. ಸಂಖ್ಯೆಯ ಕೆಳಗಿರಬೇಕಾದ ಕೂಟದ ಹೆಸರು ಮೇಲಿತ್ತು, ಅದರ ಅಕ್ಷರಗಳು ಶೀರ್ಷಾಸನ ಹಾಕಿದ್ದವು. ಗೆದ್ದವಳು ಬಟ್ಟೆಯ ಚೌಕವನ್ನು ತಿರುಗಿಸಿ ಪಿನ್ನು ಚುಚ್ಚಿಕೊಂಡಿದ್ದಳು. ಅವಳು 86. ನಿಜವಾದ 98 ಎಲ್ಲರಿಗಿಂತ ಕೊನೆಯಲ್ಲಿ, ಎರಡು ಜಡೆ ಹಾರಿಸುತ್ತಾ ಬರುತ್ತಿದ್ದಳು.

“ಅವಳಿಗೆ ಏನಾದರೂ ಹೇಳಿ ಕಳಿಸಿಬಿಡಿ. ಆ ಹೊತ್ತಿಗೆ ನಾನು ಇನ್ನೆರಡು ವ್ಯಾಯಾಮ ಮಾಡಿಸ್ತೀನಿ,” ಎಂದರು ಏಣಿ ಮಾಮ.

“ಏನಂತ ಹೇಳ್ಲಿ?”

“ಫೋನ್ ಮಾಡಿದ್ದು ನಾನಾ, ನೀವಾ?”

ಮೇಕಪ್ ಕೋಣೆಯಲ್ಲಿ ಹುಡುಗಿ ಹೊಸ ಷೂ ನೆಲಕ್ಕೆ ತಾಗದಂತೆ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಅವಳನ್ನು ಕರೆತಂದಿದ್ದ ತಾತ ಬೀಗ ರಿಪೇರಿ ಮಾಡುವವರು. ಅತ್ತೆಯನ್ನು ಕಂಡದ್ದೇ ಎದ್ದು ನಿಂತರು.

“ನಮ್ಮ ಬೀದಿ ಟಿವಿ ಅಂಗಡಿಯವನು ಟಿವೀನ ಬಾಗಿಲಿಗೇ ತಂದಿಟ್ಟಿದ್ದಾನೆ ತಾಯಿ. ಬೀದಿಗೆ ಬೀದಿಯೇ ಕೂತಿದೆ. ಕೊನೆಗೆ ಬಂದವಳನ್ನ ಯಾಕಪ್ಪಾ ಕರೀತಾರೆ ಅಂತ ಒಬ್ಬ ಕೇಳ್ದ. ಕರೆದವರಿಗೆ ಬುದ್ಧಿ ಇದೆ, ನಿನಗಿಲ್ಲ ಅಂದೆ.”

“ನಂಗೂ ಗೊತ್ತಿಲ್ಲ,” ಎಂದಳು ಹುಡುಗಿ. “ಯಾಕೆ ಕರೆದ್ರಿ?”

ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಫೋನಿನಲ್ಲಿ ಸಲೀಸಾಗಿ ಹೇಳುತ್ತಿದ್ದ ನಾಲಿಗೆ ಆ ಮಗುವಿನ ಎದುರು ಹೊರಳಲಿಲ್ಲ. “ತಪ್ಪಿ ಕರೆದೆ ಕಂದಾ,” ಎಂದರು ಅತ್ತೆ. “ಗೆದ್ದವಳು ನಂಬರನ್ನ ತಲೆಕೆಳಗಾಗಿ ಹಾಕ್ಕೊಂಡಿದ್ಲು. ಎಂಬತ್ತಾರನ್ನ ನಾನು ತೊಂಬತ್ತೆಂಟು ಅಂತ ಓದಿದೆ.”

ತಾತ ಮೆಲ್ಲನೆ ಕೂತರು. ಹುಡುಗಿ ಗಾಳಿಯಲ್ಲಿ ಬೆರಳಿನಿಂದ ಎಂಬತ್ತಾರು ಬರೆದು, ಕತ್ತು ಓರೆ ಮಾಡಿ, ಅದನ್ನು ತಿರುಗಿಸಿ ನೋಡಿದಳು. “ಹೌದಲ್ಲ,” ಎಂದಳು. “ನಂಗೆ ಅದು ಕಾಣ್ಲಿಲ್ಲ. ನಂಗೆ ಕಾಣಿಸಿದ್ದು ಬರೀ ಬೆನ್ನು.”

“ಎಲ್ಲರದ್ದೂ?”

“ಕೊನೇಲಿ ಇದ್ರೆ ಎಲ್ಲರದ್ದೂ ಕಾಣುತ್ತೆ. ಗೆದ್ದವಳ ಎಡಗಡೆ ಕಾಲುಚೀಲ ಮೊದಲ್ನೇ ತಿರುವಲ್ಲೇ ಇಳಿದುಹೋಯ್ತು. ಎರಡನೆಯವಳು ಕೋಳಿ ಥರ ರೆಕ್ಕೆ ಬಡೀತಾಳೆ. ಮೂರನೆಯವಳು ಪ್ರತಿ ಸಲ ಹಿಂದೆ ತಿರುಗಿ ನೋಡೋದು, ಪಾಪ. ನೋಡ್ತಾ ನೋಡ್ತಾನೇ ಮೂರನೆಯವಳಾದ್ಲು.”

ಅತ್ತೆ ಕೇಳುತ್ತಲೇ ನಿಂತರು. ಮೈದಾನದಲ್ಲಿ ಓಟ ಶುರುವಾಗುವ ಕಡೆ ಇನ್ನೊಂದು ಕ್ಯಾಮೆರಾ ಇರುತ್ತಿತ್ತು. ಅದರಲ್ಲಿ ಬೆನ್ನುಗಳೇ ಇರುತ್ತವೆಂದು ಆ ಟೇಪನ್ನು ಯಾರೂ ಬಳಸುತ್ತಿರಲಿಲ್ಲ. ಈ ಓಟದ್ದೂ ಕಪಾಟಿನಲ್ಲಿತ್ತು.

“ನೀನು ಹೋಗ್ಬೇಡ. ಇದನ್ನೇ ಕ್ಯಾಮೆರಾ ಮುಂದೆ ಹೇಳ್ತೀಯಾ?”

ಹುಡುಗಿ ತಾತನ ಮುಖ ನೋಡಿದಳು. ತಾತ ಮೂಗು ಒರೆಸಿಕೊಂಡು, “ಅಂಗಡಿ ಮುಂದೆ ಕೂತವರು ಎದ್ದು ಹೋಗೋದರೊಳಗೆ ಹೇಳು,” ಎಂದರು.

ಏಣಿ ಮಾಮನಿಗೆ ಸಮಾಧಾನವಿರಲಿಲ್ಲ. “ಗೆದ್ದವಳು ಇಲ್ಲದೆ ಗೆದ್ದವಳ ಭಾಗ. ಮದುಮಗನಿಲ್ಲದ ಮದುವೆ,” ಎಂದು ಗೊಣಗಿದರು. ಆದರೂ ಪ್ರಸಾರ ಶುರುವಾದಾಗ ನೇರವಾಗಿಯೇ ಹೇಳಿದರು: ನಮ್ಮಿಂದ ಒಂದು ತಪ್ಪಾಗಿದೆ, ಗೆದ್ದವಳನ್ನು ಮುಂದಿನ ವಾರ ಕರೆಯುತ್ತೇವೆ, ಇವತ್ತು ಇವಳ ಮಾತು ಕೇಳಿ. ಹಿಂದಿನ ಕ್ಯಾಮೆರಾದ ಟೇಪು ಓಡಿತು. ಹುಡುಗಿ ಕಾಲುಚೀಲ ತೋರಿಸಿದಳು, ಕೋಳಿ ರೆಕ್ಕೆ ತೋರಿಸಿದಳು. ಮೆಟ್ಟಿಲ ಮೇಲಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಧ್ವನಿ ನೋಡಿಕೊಳ್ಳುವವರ ಮೀಟರಿನ ಮುಳ್ಳು ಕೆಂಪು ದಾಟಿತು. ಅತ್ತೆ ಪೀಪಿ ಕೈಗೆತ್ತಿಕೊಂಡು, ಊದದೆ ಬಿಟ್ಟರು.

“ಅಷ್ಟು ಹಿಂದೆ ಇದ್ದಾಗ ಬೇಜಾರಾಗ್ಲಿಲ್ವಾ?” ಎಂದು ಕೇಳಿದರು ಏಣಿ ಮಾಮ.

“ಆಯ್ತು. ಕೊನೇಲಿ ನಾನೊಬ್ಬಳೇ ಓಡ್ತಿದ್ದಾಗ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದ್ರು. ಗೆದ್ದವಳಿಗೂ ಅಷ್ಟು ತಟ್ಟಿರ್ಲಿಲ್ಲ. ಅದು ಇನ್ನೂ ಬೇಜಾರು.” ಅವಳು ಒಮ್ಮೆ ಸ್ಟುಡಿಯೊ ಸುತ್ತ ನೋಡಿದಳು. “ಇಲ್ಲಿ ನನ್ನ ಬಿಟ್ಟು ಯಾರೂ ಕೊನೆಗೆ ಬಂದಿಲ್ವಾ?”

ನಗು ನಿಂತಿತು. ಮೆಟ್ಟಿಲ ಮೇಲಿನ ಒಂದು ಕೈಯೂ ಏಳಲಿಲ್ಲ. ಪದಕ ಗೆದ್ದಿದ್ದ ಏಣಿ ಮಾಮ ಕೈಯಲ್ಲಿದ್ದ ಚೀಟಿಗಳನ್ನು ತಿರುವಿಹಾಕಿದರು. ಹುಡುಗಿಯ ಕಿವಿ ಕೆಂಪಾಗತೊಡಗಿತು. ಅವಳು ಷೂ ನೋಡಿಕೊಂಡಳು. ಅವಳ ಬೀದಿಯಲ್ಲಿ ಟಿವಿ ಅಂಗಡಿಯ ಮುಂದೆ ಕೂತವರೆಲ್ಲ ಆ ಮುಖವನ್ನೇ ನೋಡುತ್ತಿದ್ದರು.

ಮುಂದೆ ‘ಹಿಂದಿನಿಂದ ಕಂಡದ್ದು’ ಎಂಬ ಹೆಸರಿನಲ್ಲಿ ಆ ಭಾಗ ‘ವಾರದ ಆಟ’ ನಿಂತುಹೋಗುವವರೆಗೂ ವಾರವಾರ ನಡೆಯಿತು. ಅದಕ್ಕೆ ಬರಲು ಮಕ್ಕಳು ಕೊನೆಯ ಸ್ಥಾನಕ್ಕೆ ಪೈಪೋಟಿ ನಡೆಸುತ್ತಾರೆಂದು ಶಾಲೆಗಳಿಂದ ದೂರು ಕೂಡ ಬಂತು. ಅತ್ತೆಯ ಗಂಡ ಗಿರಾಕಿಗಳಿಗೆ ಹೇಳುವ ಕಥೆ ಬದಲಾಗಿ, ಮೊದಲಿಗಿಂತ ರುಚಿಯಾಯಿತು. ಆ ಸಂಜೆ ಇದ್ಯಾವುದೂ ಅತ್ತೆಗೆ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಕೆಂಪಾದ ಕಿವಿ ಮಾತ್ರ. ತಾವೇ ಅಂಟಿಸಿದ ಬಿಳಿ ಗೆರೆ ದಾಟಿ ಕ್ಯಾಮೆರಾದ ಮುಂದೆ ಹೋಗಿ ನಿಂತರು.

“ನಾನು ಕೊನೆಗೆ ಬಂದಿದ್ದೀನಿ,” ಎಂದರು.

ಹುಡುಗಿ ಪೀಪಿಯನ್ನೂ ಮುಖವನ್ನೂ ನೋಡಿದಳು. “ಸುಳ್ಳು. ನೀವು ಚಾಂಪಿಯನ್ ಅಂತೆ.”

“ಯಾರು ಹೇಳಿದ್ದು? ಓಡಿದ್ದು ಒಂದೇ ಸಲ. ಹನ್ನೊಂದು ಜನ ಇದ್ವಿ. ಮಧ್ಯೆ ಒಂದು ನಾಯಿ ಸೇರಿಕೊಳ್ತು. ಗುರಿ ಹತ್ತಿರ ನಿಂತಿದ್ದ ಮೇಷ್ಟ್ರು ಅವತ್ತು ಕನ್ನಡಕ ಮರೆತು ಬಂದಿದ್ರು. ಗೆರೆ ದಾಟಿದವರನ್ನೆಲ್ಲ ಬಿಡದೆ ಎಣಿಸಿಬಿಟ್ರು.”

“ನಾಯಿ ನಿಮಗಿಂತ ಮುಂದೆ ಬಂತಾ?”

“ತುಂಬಾ ಮುಂದೆ.”

ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಬೆರಳು ಸಾಲದಾಗ ತಲೆ ಎತ್ತಿದಳು. ಅವಳ ತುಟಿಯಲ್ಲಿ ಆಗಲೇ ನಗು ಬಂದು ನಿಂತಿತ್ತು.

“ಹಾಗಾದ್ರೆ ಹನ್ನೊಂದು ಜನರಲ್ಲಿ ನೀವು ಎಷ್ಟನೆಯವರು?”

ಅತ್ತೆ ಪೀಪಿಯನ್ನು ಸೆರಗಿನೊಳಗೆ ಸೇರಿಸಿ, ಕ್ಯಾಮೆರಾವನ್ನೇ ನೋಡುತ್ತಾ, ಬೀದಿ ಅಂಗಡಿಯ ಮುಂದೆ ಕೂತವರಿಗೂ ಕನ್ನಡಕದ ಅಂಗಡಿಯಲ್ಲಿದ್ದವರಿಗೂ ಕೇಳಿಸುವ ಹಾಗೆ ಹೇಳಿದರು:

“ಹನ್ನೆರಡನೆಯವಳು.”