ಹುಲಿಬಾಯಿ ಕಾರಂಜಿಯ ರಂಗವ್ವ

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ರಂಗವ್ವನೂ ಬಾದಾಮಿಗೆ ಸೊಸೆಯಾಗಿ ಬಂದ ಮರುದಿನವೇ ಕೊಡ ಹಿಡಿದು ಹುಲಿಬಾಯಿ ಕಾರಂಜಿಗೆ ಬಂದಿದ್ದಳು. ಗುಡ್ಡದ ನೀರು ಕಲ್ಲುಗಾಲುವೆಯಲ್ಲಿ ಹರಿದು ಬಂದು, ಕಲ್ಲಿನ ಹುಲಿಯ ಬಾಯಿಂದ ಕೆಳಗಿನ ಡೋಣಿಗೆ, ಅಂದರೆ ಕಲ್ಲುತೊಟ್ಟಿಗೆ, ಬೀಳುತ್ತಿತ್ತು. ಕಟ್ಟಿಸಿದವನು ರಾಜ ಎಂದು ಕೆಲವರು, ಅಲ್ಲ, ಯಾರೋ ಸಾಹುಕಾರ ಎಂದು ಕೆಲವರು. ಹಾಗೆ ಜಗಳಾಡಿದವರಾರೂ ಒಂದು ದಿನವೂ ಅದರ ಕಸ ತೆಗೆದವರಲ್ಲ, ಬಿಡಿ.

ತೆಗೆದವಳು ರಂಗವ್ವ. ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಗಂಡ ಹುಲ್ಲಪ್ಪ ತೀರಿಕೊಂಡಾಗ ಮಗಳು ಸತ್ಯವ್ವನಿಗೆ ಐದು ವರ್ಷ. ರಂಗವ್ವ ಮನೆಮನೆಗೆ ಈ ನೀರು ಹೊತ್ತೇ ಹೊಟ್ಟೆ ಹೊರೆದಳು. ಅನ್ನ ಕೊಟ್ಟ ನೀರೆಂದು ದಿನಾ ಬೆಳಿಗ್ಗೆ ಹುಲಿಯ ಬಾಯಿಗೆ ಮೊಳಕೈತನಕ ಕೈ ಹಾಕಿ ಎಲೆ, ರಾಡಿ ತೆಗೆಯುವಳು. ಓಣಿಗೆ ನಳ ಬಂದ ಮೇಲೂ ಬಿಡಲಿಲ್ಲ.

"ಇನ್ನ್ಯಾಕಬೇ ಇದು?" ಎಂದು ಓಣಿಯವರು ಕೇಳಿದರೆ, "ಉಂಡ ಮನಿ ಮರಿಬಾರದವ್ವ" ಎನ್ನುವಳು.

ಎಂಬತ್ತೈದರಲ್ಲಿ ಸತ್ಯವ್ವ ತವರಿಗೆ ಬಂದು ಹಡೆದಳು. ಬಾಣಂತಿ ನೀರಿನ ತಾಯಿ ಗಂಗವ್ವನ ಪೂಜೆ ಮಾಡಬೇಕು, ಮುತ್ತೈದೆಯೊಬ್ಬಳು ಅವಳ ತಲೆಗೆ ತುಂಬಿದ ಕೊಡ ಎತ್ತಬೇಕು, ಅದು ಪದ್ಧತಿ. ನಳಕ್ಕೆ ಯಾರಾದರೂ ಉಡಿ ತುಂಬುತ್ತಾರೆಯೇ? ಎಲ್ಲರೂ ಕಾರಂಜಿಗೇ ಬಂದರು. ಮಗಳ ತಲೆಗೆ ತಾನೇ ಕೊಡ ಎತ್ತಬೇಕೆಂದು ರಂಗವ್ವನಿಗೆ ಎದೆತುಂಬ ಆಸೆ. ಆದರೆ ಗಂಡ ಸತ್ತವಳು. ದೂರದ ಗೋಡೆಯ ಬಳಿ ಹೋಗಿ ನಿಂತಳು. ಕೊಡ ಎತ್ತಲು ಬಂದವಳು ಓಣಿಯ ಹಿರಿಯಳು ಗುರುಲಿಂಗವ್ವ. ಪದ್ಧತಿಯ ವಿಷಯದಲ್ಲಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

ಬಾಣಂತನದ ಗಡಿಬಿಡಿಯಲ್ಲಿ ರಂಗವ್ವ ಎಷ್ಟೋ ದಿನ ಇತ್ತ ಬಂದಿರಲಿಲ್ಲ. ಹುಲಿಯ ಬಾಯಿ ಕಟ್ಟಿಕೊಂಡು ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಗುರುಲಿಂಗವ್ವ ಕೈ ಹಾಕಿ ನೋಡಿದಳು, ಉಳಿದವರೂ ನೋಡಿದರು. ಬಳೆ ತುಂಬಿದ ಕೈ ಆ ಸಂದಿಯಲ್ಲಿ ಹೋಗಲೊಲ್ಲದು.

"ರಂಗವ್ವಾ, ಬಾ ಇಲ್ಲೆ," ಗುರುಲಿಂಗವ್ವ ಕರೆದಳು.

ರಂಗವ್ವ ಬರಿಗೈ ತೂರಿಸಿ ಮುದ್ದೆಯಾದ ಎಲೆಗಳನ್ನು ಎಳೆದು ಹಾಕಿದಳು. ನೀರು ಧೋ ಎಂದು ಸುರಿದು ಕೊಡ ತುಂಬಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಗೋಡೆಯತ್ತ ಹೊರಟಳು.

"ಎಲ್ಲಿ ಹೊಂಟಿ? ಕೊಡ ಎತ್ತು," ಎಂದಳು ಗುರುಲಿಂಗವ್ವ.

"ನಾನೇನ್ರಿ ಅವ್ವಾರ? ನನ್ನ ಕೈ..."

"ನಿನ್ನ ಕೈ ಬ್ಯಾಡ ಅಂತ ಗಂಗವ್ವ ಒಂದ ದಿನಾನೂ ಅಂದಿಲ್ಲ. ಅನ್ನಾಕ ನಾ ಯಾರು? ಈ ಕೈಯಿಂದ ನಾವೆಲ್ಲಾ ನೀರು ಕುಡದೇವಿ."

ಸತ್ಯವ್ವ ಅವ್ವನ ಮುಂದೆ ಬಂದು ತಲೆ ಬಾಗಿಸಿ ನಿಂತಳು. ರಂಗವ್ವ ಕೊಡ ಎತ್ತಿದಳು. ಗುರುಲಿಂಗವ್ವ ಕೊಡದ ಬುಡಕ್ಕೆ ತನ್ನ ಕೈಯನ್ನೂ ಕೊಟ್ಟಳು.