ಆಟಗಾರರ ಕೋಣೆಯಲ್ಲಿ ಅಕ್ಕ

ಪೇಟೆಯಲ್ಲಿ ಎಲ್ಲರೂ ಅವನನ್ನು ಚೆಂಡಂಗಡಿಯವನು ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರು ಇಕ್ಕಟ್ಟಾದ ಮಳಿಗೆ. ಬಲೆಯಲ್ಲಿ ಗೊಂಚಲಾಗಿ ತೂಗುವ ಫುಟ್‌ಬಾಲುಗಳು, ಗೋಡೆಯುದ್ದಕ್ಕೂ ಬೂಟಿನ ಡಬ್ಬಿಗಳು, ಹೊಸ ರಬ್ಬರಿನ ವಾಸನೆ. ಸೀಟಿ ಕೇಳಿಕೊಂಡು ಬಂದ ಗಿರಾಕಿಗೆ ಇಡೀ ತಂಡಕ್ಕಾಗುವಷ್ಟು ಅಂಗಿ ಹೊರಿಸಿ ಕಳಿಸುವಷ್ಟು ಮಾತುಗಾರ.

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವಳು ಅಕ್ಕ. ಹೊಲಿಗೆ ಬಿಟ್ಟ ಚೆಂಡುಗಳನ್ನು ಶಾಲೆಗಳಿಂದ ತಂದು, ಮೇಣ ಹಚ್ಚಿದ ದಾರದಲ್ಲಿ ಹೊಲಿದುಕೊಟ್ಟು ಸಂಸಾರ ತೂಗಿಸಿದಳು. ತಮ್ಮ ಕಾಲೂರಿದ ಮೇಲೆ ಕೆಲಸ ಹುಡುಕಿಕೊಂಡು ಪರದೇಶಕ್ಕೆ ಹೋದಳು. ಅಲ್ಲಿ ಜಗತ್ತಿಗೇ ಹೆಸರಾದ ಫುಟ್‌ಬಾಲ್ ಕ್ರೀಡಾಂಗಣವೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಅದು ತಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಯಾರಾದರೂ ಕೇಳಿದರೆ, "ನಮ್ಮಕ್ಕ ಅಲ್ಲಿ ದೊಡ್ಡ ಆಫೀಸರು" ಎನ್ನುತ್ತಿದ್ದ. ಹೇಳಿ ಹೇಳಿ ಆ ಮಾತು ಬಾಯಿಗೆ ಒಗ್ಗಿಹೋಗಿತ್ತು.

ಒಂದು ವರ್ಷ ಬೂಟಿನ ಕಂಪನಿಯವರು ಒಳ್ಳೆಯ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಆ ಊರಿಗೇ ಪ್ರವಾಸ ಕರೆದೊಯ್ದರು. ಫೋನಿನಲ್ಲಿ ಅಕ್ಕನ ಸಂಭ್ರಮ ಹೇಳತೀರದು.

"ಬಾರೋ! ನೀನು ಬರೋ ದಿನ ಆಟಗಾರರ ಕೋಣೆಲೇ ನನ್ನ ಕೆಲಸ. ಅಲ್ಲೇ ಮಾತಾಡಿಸ್ತೀನಿ."

"ಹೂಂ" ಎಂದ.

ಕ್ರೀಡಾಂಗಣಕ್ಕೆ ಹೋಗುವ ಬಸ್ಸಿನಲ್ಲಿ ಜೊತೆಯ ಅಂಗಡಿಯವನು, ಎಲ್ಲರ ಬಾಯಲ್ಲೂ ದಪ್ಪಣ್ಣನಾದವನು, ಅವನ ಬೆನ್ನು ತಟ್ಟಿದ. "ನಿಮ್ಮಕ್ಕ ಇದ್ದಮೇಲೆ ನಮಗೇನು ಯೋಚನೆ? ಮೈದಾನಕ್ಕೇ ಇಳಿಸ್ತಾರೆ ಬಿಡು!" ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ.

ಆಟಗಾರರ ಕೋಣೆಯ ಬಾಗಿಲು ತೆರೆದಾಗ ಅಕ್ಕ ಬೆಂಚು ಒರೆಸುತ್ತಿದ್ದಳು. ನೀಲಿ ನಿಲುವಂಗಿ, ಕೈಗೆ ರಬ್ಬರ್ ಗವಸು, ಪಕ್ಕದಲ್ಲಿ ಗಾಲಿಯ ಬಕೆಟ್ಟು. ತಮ್ಮನನ್ನು ಕಂಡವಳೇ ನೆಟ್ಟಗೆ ನಿಂತು, ಒಂದು ಗವಸು ಕಳಚಿದಳು. ಮುಖ ಅರಳಿತ್ತು.

ಅವನು ಕತ್ತೆತ್ತಿ ತೂಗುಹಾಕಿದ ಅಂಗಿಗಳನ್ನು ನೋಡಿದ. ಗೈಡಿನ ಕಡೆ ತಿರುಗಿ, "ಈ ಬೆಂಚು ಯಾವ ಮರದ್ದು?" ಎಂದು ಕೇಳಿದ.

ಗೈಡು ಏನೋ ವಿವರಿಸಿದ. ಅವನ ಕಿವಿಗೆ ಬಿದ್ದದ್ದು ಬಕೆಟ್ಟಿನ ಗಾಲಿ ಕಿರುಗುಟ್ಟುತ್ತ ಗೋಡೆಯಂಚಿನಲ್ಲಿ ಹೊರಗೆ ಹೋದ ಸದ್ದು ಮಾತ್ರ. ಆಮೇಲೆ ಹಸಿರು ಮೈದಾನ ಕಣ್ಣೆದುರು ತೆರೆದುಕೊಂಡು ಎಲ್ಲರೂ "ಅಬ್ಬಾ!" ಎಂದಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಒಬ್ಬನೇ ಅಕ್ಕನ ಕೋಣೆಗೆ ಹೋದ. ಒಂದು ಮಂಚ, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿದ್ದ ಅದೇ ನೀಲಿ ನಿಲುವಂಗಿ. ಅವಳು ತಟ್ಟೆ ಮುಂದಿಟ್ಟಳು.

"ಅಕ್ಕಾ, ಬೆಳಿಗ್ಗೆ ನಾನು..."

"ಆರಿಹೋಗುತ್ತೆ, ಉಣ್ಣು." ಸಾರು ಬಡಿಸುತ್ತ ಅವಳೇ ಹೇಳಿದಳು: "ತಪ್ಪು ನಂದೇ ಕಣೋ. ಅಷ್ಟು ಜನರ ಮುಂದೆ ಆ ವೇಷದಲ್ಲಿ ನಿಲ್ಲಬಾರದಿತ್ತು."

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕ್ಷಮಿಸು ಎನ್ನಬೇಕೆಂದಿದ್ದವನು ತುತ್ತು ನುಂಗುತ್ತ ಕುಳಿತ.

ಮರುದಿನ ತಿಂಡಿಯ ಮೇಜಿನಲ್ಲಿ ಹೇಗೋ ಬಾಯಿಬಿಟ್ಟ. "ನಿನ್ನೆ ಬೆಂಚು ಒರೆಸ್ತಾ ಇದ್ರಲ್ಲ, ಅವರೇ ನಮ್ಮಕ್ಕ."

ದಪ್ಪಣ್ಣ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. "ಗೊತ್ತಾಯ್ತಪ್ಪ. ಅದೇ ಮೂಗು, ಅದೇ ಹುಬ್ಬು. ನೀನೇ ಪರಿಚಯ ಮಾಡಿಸ್ತೀಯ ಅಂತ ಕಾದ್ವಿ."

ಮಿಕ್ಕವರು ತಟ್ಟೆ ನೋಡತೊಡಗಿದರು. ಪ್ರವಾಸಕ್ಕೆ ಜೊತೆಗೇ ಬಂದಿದ್ದ ದಪ್ಪಣ್ಣನ ಹೆಂಡತಿ ಮೆಲ್ಲಗೆ ಹೇಳಿದಳು: "ನಾನು ಅವರ ಹಿಂದೇನೇ ಹೊರಗೆ ಹೋಗಿ ಕೇಳೇಬಿಟ್ಟೆ, ನೀವು ಅವರ ಅಕ್ಕ ಅಲ್ವಾ ಅಂತ. 'ಇಲ್ಲಮ್ಮ, ನನಗೆ ತಮ್ಮಂದಿರೇ ಇಲ್ಲ' ಅಂದ್ರು. ಅದೂ ನಮ್ಮ ಭಾಷೆಲೇ."

ಅವನು ಚಹಾ ಹಾಗೇ ಬಿಟ್ಟು ಎದ್ದ. ಕ್ರೀಡಾಂಗಣದ ಹಿಂಬಾಗಿಲಿಗೆ ಓಡಿದ. ಆ ದಿನ ನಸುಕಿನ ಪಾಳಿ ಮುಗಿಸಿದ ಹೆಂಗಸರ ನಡುವೆ ಅಕ್ಕ ಬಂದಳು. ಅವಳ ಚೀಲ ಕಸಿದುಕೊಂಡು, "ನಾನು ಇವಳ ತಮ್ಮ! ಇವಳೇ ನನ್ನನ್ನ ಸಾಕಿದ್ದು!" ಎಂದು ಎಲ್ಲರಿಗೂ ಕೂಗಿ ಹೇಳಿದ. ಆ ಹೆಂಗಸರಿಗೆ ಅವನ ಮಾತು ಅರ್ಥವಾಗಲಿಲ್ಲ. ಸುಮ್ಮನೆ ನಕ್ಕು ತಲೆಯಾಡಿಸಿದರು. ಭಾಷೆ ತಿಳಿಯದವರ ಮುಂದೆ ಹೇಳುವುದು ಎಷ್ಟು ಸುಲಭ ಎಂಬುದು ಆಗ ಅವನಿಗೇ ಹೊಳೆಯಿತು.

ಅಕ್ಕ ಅವನ ಕಾಲರು ಸರಿಮಾಡಿದಳು. "ಹೋಗು, ಬಸ್ಸು ತಪ್ಪುತ್ತೆ."

ಬಸ್ಸಿನಲ್ಲಿ ದಪ್ಪಣ್ಣ ಅವನಿಗಾಗಿ ಕಿಟಕಿಯ ಪಕ್ಕದ ಸೀಟು ಹಿಡಿದಿಟ್ಟಿದ್ದ. ಅವನು ಬೇಡವೆಂದು ಹಿಂದೆ ಹೋಗಿ ಒಬ್ಬನೇ ಕುಳಿತ.